ಧಾರೆ ರವಿಕೆಯ ಕತ್ತು

"ಎಡಭುಜಕ್ಕೆ ಒಳಗಿಂದ ಏನಾರ ತುಂಬ್ಬುಡಿ ಅಕ್ಕ. ಕತ್ತು ಮೇಲಕ್ಕೇ ಇರ್ಲಿ, ಮುಚ್ಚಿರ್ಲಿ," ಎಂದರು ತಾಯಿ. ಧಾರೆ ಸೀರೆಯನ್ನು ಇನ್ನೂ ಕವರಿನಿಂದ ಹೊರಗೆ ತೆಗೆದಿರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಮಗಳು ನನ್ನನ್ನೇ ನೋಡಿ, "ಬೋಟ್ ನೆಕ್ ಅಕ್ಕ, ಭುಜದಿಂದ ಭುಜಕ್ಕೆ. ಹಿಂದೆ ಡೀಪು," ಎಂದಳು.

ಹುಣಸೂರು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನ ಬ್ಲೌಸ್ ಅಂಗಡಿ. ಮದುವೆ ಕಾಲದಲ್ಲಿ ತಾಯಿ ಒಂದು ಕತ್ತು, ಮಗಳು ಇನ್ನೊಂದು ಕತ್ತು ಹೇಳುವುದು ಹೊಸದೇನಲ್ಲ. ಸಾಮಾನ್ಯವಾಗಿ ಇಬ್ಬರ ಮಧ್ಯೆ ಅರ್ಧ ಇಂಚು ಅತ್ತ, ಅರ್ಧ ಇಂಚು ಇತ್ತ ಮಾಡಿ ರಾಜಿ ಮಾಡಿಸುತ್ತೇನೆ. ಆದರೆ ಭುಜಕ್ಕೆ ತುಂಬಿ ಎಂದು ಯಾವ ತಾಯಿಯೂ ಕೇಳಿರಲಿಲ್ಲ. ಹುಡುಗಿಯನ್ನು ಪರದೆಯ ಒಳಗೆ ಕರೆದುಕೊಂಡು ಹೋದೆ.

ಅವರು ಗಾವಡಗೆರೆ ಕಡೆಯ ರೈತರು. ಹುಡುಗಿ ಬಿಳಿಕೆರೆಯ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುತ್ತಿದ್ದಳು. ಹುಡುಗ ಎಚ್.ಡಿ. ಕೋಟೆ ಕಡೆಯವನು. ಅವಳು ತೊಟ್ಟಿದ್ದ ಚೂಡಿದಾರಕ್ಕೆ ಗಂಟಲವರೆಗೂ ಗುಂಡಿ. ನೆಟ್ಟಗೆ ನಿಲ್ಲಲು ಹೇಳಿ ಎರಡು ಭುಜದ ಮೂಳೆಯ ಮೇಲೂ ಬೆರಳಿಟ್ಟೆ. ಎಡಭುಜ ಬಲಕ್ಕಿಂತ ಮುಕ್ಕಾಲು ಇಂಚಿನಷ್ಟು ಕೆಳಗಿತ್ತು. ಬೆನ್ನ ಮೇಲೆ ಬಲಗಡೆಯ ರೆಕ್ಕೆ ಮೂಳೆ ಸ್ವಲ್ಪ ಉಬ್ಬಿತ್ತು.

"ಒಂಬತ್ತನೇ ಕ್ಲಾಸಲ್ಲಿ ಗೊತ್ತಾಯ್ತು ಅಕ್ಕ. ಬೆನ್ಮೂಳೆ ಒಂಚೂರು ಓರೆ. ಮೈಸೂರಲ್ಲಿ ತೋರ್ಸಿದ್ವಿ. ಏನೂ ತೊಂದ್ರೆ ಇಲ್ಲ, ಎಲ್ಲಾರಂಗೇ ಇರು ಅಂದ್ರು. ಅಮ್ಮ ಮಾತ್ರ ಅವತ್ತಿಂದ ಬರೀ ಕಾಲರ್ ನೆಕ್ಕೇ ಹೊಲಿಸ್ತಾಳೆ."

"ಹುಡುಗಂಗೆ ಗೊತ್ತಾ?"

"ಮೊದ್ಲು ಮಾತಾಡ್ದಾಗ್ಲೇ ಹೇಳ್ದೆ. ಅವರ ಮನೇಲಿ ಗೊತ್ತಿಲ್ಲ. ಹೇಳ್ಬೇಡ ಅಂತ ಅಮ್ಮ ಆಣೆ ಹಾಕ್ಸವ್ಳೆ."

"ಬೋಟ್ ನೆಕ್ಕೇ ಯಾಕೆ?"

ಅವಳು ಕನ್ನಡಿ ನೋಡಿಕೊಂಡೇ ಉತ್ತರ ಕೊಟ್ಟಳು. "ಅದನ್ನ ಹಾಕ್ಕೊಂಡೋರು ಯಾರಿಗೂ ಹೆದ್ರದೆ ನಿಂತಂಗೆ ಕಾಣ್ತಾರೆ ಅಕ್ಕ."

ಕತ್ತು ಎಂದರೆ ಎಲ್ಲರೂ ಎಷ್ಟು ಮೈ ಕಾಣುತ್ತದೆ ಎಂದಷ್ಟೇ ಯೋಚಿಸುತ್ತಾರೆ. ಹೊಲಿಯುವವರು ಅದು ಯಾವುದರ ಮೇಲೆ ನಿಲ್ಲುತ್ತದೆ ಎಂದು ಯೋಚಿಸಬೇಕು. ತೋರಿಸುವುದಕ್ಕೆಂದೇ ಅಂಗಡಿಯಲ್ಲಿ ಒಂದಿಷ್ಟು ಮಾದರಿ ಬ್ಲೌಸುಗಳನ್ನು ನೇತುಹಾಕಿದ್ದೇನೆ. ಒಂದೊಂದಾಗಿ ತೊಡಿಸಿ ಅವಳನ್ನು ಕನ್ನಡಿ ಮುಂದೆ ನಿಲ್ಲಿಸಿದೆ.

ಚೌಕದ ಕತ್ತು ಹಾಕಿದಾಗ ಅಡ್ಡಗೆರೆ ಓರೆಯಾಗಿ, ಗೋಡೆಗೆ ಸೊಟ್ಟ ನೇತುಹಾಕಿದ ಪಟದ ಹಾಗೆ ಕಂಡಿತು. ವಿ ಕತ್ತಿನ ಮೊನೆ ಎದೆಯ ನಡುವೆ ನಿಲ್ಲದೆ ಎಡಕ್ಕೆ ಸರಿಯಿತು. ಗುಂಡು ಕತ್ತು ಹೇಗೋ ಹೊಂದಿಕೊಂಡಿತು, ಅದಕ್ಕೆ ಮೂಲೆಯೂ ಇಲ್ಲ, ನೇರ ಗೆರೆಯೂ ಇಲ್ಲ. ಬೋಟ್ ನೆಕ್ ಮಾತ್ರ ತೊಡಿಸಿದ ಕೂಡಲೇ ಎಡಗಡೆ ಜಾರಿ ತೋಳಿಗೆ ಬಂತು, ಬಲಗಡೆ ಗಂಟಲಿಗೆ ಒತ್ತಿತು. ಅದು ನಿಲ್ಲುವುದೇ ಎರಡು ಭುಜದ ಮೂಳೆಗಳ ಮೇಲೆ. ಒಂದು ಕೆಳಗಿದ್ದರೆ ಆ ಕಡೆಗೇ ಓಡುತ್ತದೆ. ಕೊನೆಗೆ ತಾಯಿ ಬಯಸಿದ್ದ ಮುಚ್ಚಿದ ಕತ್ತನ್ನೂ ತೊಡಿಸಿ ಅವರನ್ನು ಒಳಗೆ ಕರೆದೆ.

"ನೋಡಿ ಅಮ್ಮ, ಇಲ್ಲಿಂದ ಕಂಕುಳವರೆಗೂ ಎಡಗಡೆ ಬಟ್ಟೆ ಸುಕ್ಕು ಬಿದ್ದಿದೆ. ಮುಚ್ಚಿದಷ್ಟೂ ಬಟ್ಟೆ ಜಾಸ್ತಿ, ಜಾಸ್ತಿ ಆದಷ್ಟೂ ಸುಕ್ಕು. ಇಷ್ಟು ವರ್ಷ ನೀವು ಮುಚ್ಚಿಸಿದ್ದು ಈ ಸುಕ್ಕಲ್ಲೇ ಕಾಣ್ತಿತ್ತು."

ತಾಯಿ ಸುಕ್ಕನ್ನು ಅಂಗೈಯಿಂದ ತೀಡಿದರು. ಅದು ಮತ್ತೆ ಬಂತು. "ಅದ್ಕೇ ಅಲ್ವಾ ತುಂಬಿ ಅಂದಿದ್ದು," ಎಂದರು.

ಹುಡುಗಿಗೆ ನಾನು ಒಂದೇ ಮಾತು ಹೇಳಿದೆ. "ಮುಂದೆ ಅಗಲ, ಹಿಂದೆ ಆಳ, ಎರಡೂ ಕೇಳಿದ್ರೆ ನಿನ್ನ ಮೈ ಮೇಲೆ ಬ್ಲೌಸ್ ನಿಲ್ಲಲ್ಲ. ಒಂದನ್ನ ಬಿಡಬೇಕು. ಯಾವ್ದು?"

"ಹಿಂದಿಂದು ಬಿಡ್ತೀನಿ. ಮುಂದೆ ಬೋಟೇ ಬೇಕು."

ಭುಜಕ್ಕೆ ತುಂಬಿದರೆ ಏನಾಗುತ್ತದೆ ಎಂದು ನನಗೆ ಅಂದಾಜಿತ್ತು. ಆದರೆ ಬಾಯಲ್ಲಿ ಹೇಳಿದರೆ ಆ ತಾಯಿ ಒಪ್ಪುವವರಲ್ಲ. ಅಗ್ಗದ ಕೋರಾ ಹತ್ತಿ ಬಟ್ಟೆಯಲ್ಲಿ ಎರಡು ಬ್ಲೌಸ್ ಹೊಲಿದು ತೋರಿಸುತ್ತೇನೆ, ಅಲ್ಲಿಯವರೆಗೂ ರೇಷ್ಮೆ ಮುಟ್ಟುವುದಿಲ್ಲ ಎಂದು ಹೇಳಿ ಕಳಿಸಿದೆ.

ಮೊದಲನೆಯದು ಸುಲಭ. ಬಟ್ಟೆ ಮಡಿಸಿ, ಅರ್ಧ ಮೈಗೆ ಗುರುತು ಹಾಕಿ, ಕತ್ತರಿ ಓಡಿಸಿದರೆ ಬಿಚ್ಚಿದಾಗ ಎರಡೂ ಬದಿ ಒಂದೇ. ನಾವು ದಿನವೂ ಮಾಡುವುದೇ ಹಾಗೆ. ಎಡಭುಜದ ಒಳಗೆ ಸ್ಪಂಜಿನ ಪ್ಯಾಡ್ ಇಟ್ಟು ಹೊಲಿದೆ.

ಎರಡನೆಯದು ತಲೆ ತಿಂದಿತು. ಬಟ್ಟೆ ಮಡಿಸುವ ಹಾಗಿರಲಿಲ್ಲ. ಒಂದೇ ಪದರವಾಗಿ ಹಾಸಿ, ನಡುವೆ ಒಂದು ಗೆರೆ ಎಳೆದು, ಬಲಗಡೆಗೆ ಬಲದ ಅಳತೆ, ಎಡಗಡೆಗೆ ಎಡದ ಅಳತೆ ಹಾಕಿದೆ. ಎಡಭುಜದ ಇಳಿಜಾರು ಹೆಚ್ಚಿಸಿದೆ. ಹೊಲಿದು, ಕೆಲಸಕ್ಕೆ ಹೋಗುವ ದಾರಿಯಲ್ಲಿ ಹುಡುಗಿಯನ್ನು ಒಬ್ಬಳನ್ನೇ ಕರೆಸಿ ತೊಡಿಸಿದರೆ ಭುಜ ಸರಿಯಾಗಿ ಕೂತಿತು, ಆದರೆ ಅವಳು ಮುಖ ಕಿವುಚಿದಳು. "ಕಂಕುಳಲ್ಲಿ ಕುಯ್ತದೆ ಅಕ್ಕ." ಭುಜ ಇಳಿಸಿದ್ದೆ, ಕಂಕುಳು ಇಳಿಸಿರಲಿಲ್ಲ. ಭುಜ ಎಷ್ಟು ಇಳಿಯಿತೋ ಕಂಕುಳೂ ಅಷ್ಟೇ ಇಳಿಯಬೇಕು. ಬಿಚ್ಚಿ ಮತ್ತೆ ಕತ್ತರಿಸಿದೆ. ಈ ಸಲ ಬಲಗಡೆ ಸಡಿಲವಾಯಿತು. ಉಬ್ಬಿದ ರೆಕ್ಕೆ ಮೂಳೆಯ ಕೆಳಗೆ ಬಟ್ಟೆ ಮಡಿಸಿ ಒಂದು ಸಣ್ಣ ಡಾಟ್ ಹಿಡಿದೆ. ಬೋಟ್ ಗೆರೆಯನ್ನು ಭುಜದ ತುದಿಯಿಂದ ಎರಡು ಬೆರಳು ಒಳಕ್ಕೆ ತಂದೆ, ನಡುವೆ ಒಂದಿಷ್ಟು ಬಾಗಿಸಿದೆ. ಬೆನ್ನಿನ ಕತ್ತನ್ನು ಮೇಲಕ್ಕೇ ನಿಲ್ಲಿಸಿ, ಕುತ್ತಿಗೆಯ ಕೆಳಗೆ ಬಿಗಿದು ಕಟ್ಟುವ ದಾರ, ಡೋರಿ, ಇಟ್ಟೆ. ಮುಂದೆ ಅಗಲವಾದ ಕತ್ತನ್ನು ಜಾರದಂತೆ ಹಿಡಿಯುವುದು ಆ ಡೋರಿಯೇ.

ತಾಯಿ ಮಗಳು ಮತ್ತೆ ಬಂದರು. ಮೊದಲು ಪ್ಯಾಡಿನ ಬ್ಲೌಸ್ ತೊಡಿಸಿದೆ. ಸುಮ್ಮನೆ ನಿಂತಾಗ ಎರಡೂ ಭುಜ ಸಮ ಕಂಡವು. ತಾಯಿಯ ಮುಖ ಅರಳಿತು.

"ಈಗ ಹಾರ ಹಾಕುವಂಗೆ ಕೈ ಎತ್ತು," ಎಂದೆ.

ಹುಡುಗಿ ಕೈ ಎತ್ತಿದಳು. ಪ್ಯಾಡು ಕಿವಿಯ ಕಡೆಗೆ ಏರಿತು. ಕತ್ತು ಎದೆಯಿಂದ ಎದ್ದು ಬಟ್ಟಲಿನ ಅಂಚಿನಂತೆ ನಿಂತಿತು. ಮೇಲಿಂದ ನೋಡಿದರೆ ಒಳಗೆಲ್ಲ ಕಾಣುತ್ತಿತ್ತು. ಕೈ ಇಳಿಸಿದ ಮೇಲೂ ಅದು ತನ್ನ ಜಾಗಕ್ಕೆ ವಾಪಸ್ ಬರಲಿಲ್ಲ. ಎರಡನೆಯದನ್ನು ತೊಡಿಸಿ ಕೈ ಎತ್ತಿಸಿದೆ. ಕತ್ತು ಕದಲಲಿಲ್ಲ. ಆದರೆ ಎಡಭುಜ ಇಳಿದಿರುವುದು ಇಳಿದ ಹಾಗೇ ಕಾಣುತ್ತಿತ್ತು.

"ಅಂಗೇ ಕಾಣ್ತದಲ್ಲ," ಎಂದರು ತಾಯಿ ಸಣ್ಣ ದನಿಯಲ್ಲಿ.

"ಇರೋದು ಅಂಗೇ ಅಲ್ವೇನಮ್ಮ," ಎಂದಳು ಮಗಳು.

ತಾಯಿ ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. ಚೀಲ ಎತ್ತಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ನಾನು ಅದನ್ನು ಒಪ್ಪಿಗೆ ಎಂದೇ ಇಟ್ಟುಕೊಂಡೆ.

ಸೀರೆ ಹಾಲುಬಣ್ಣದ ರೇಷ್ಮೆ, ಕೆಂಪು ಅಂಚು. ಹುಡುಗನ ಮನೆಯವರು ಕೊಟ್ಟದ್ದು. ರವಿಕೆ ಬಟ್ಟೆಯೂ ಅದೇ ಹಾಲುಬಣ್ಣ. ಮದುವೆ ಬ್ಲೌಸಿಗೆ ಆರಿ ಕಸೂತಿ ಮೊದಲು, ಹೊಲಿಗೆ ಆಮೇಲೆ. ಇಡೀ ಬಟ್ಟೆಯ ಮೇಲೆ ಕತ್ತು, ತೋಳು ಗುರುತು ಮಾಡಿ ಕೊಟ್ಟರೆ, ಕಸೂತಿಯವರು ಚೌಕಟ್ಟಿಗೆ ಬಿಗಿದು ಜರಿ, ಮಣಿ ತುಂಬಿ ಕೊಡುತ್ತಾರೆ. ನನಗೆ ಕಸೂತಿ ಮಾಡಿಕೊಡುವ ಹೆಂಗಸು ಪಿರಿಯಾಪಟ್ಟಣದವರು. ಬಸ್ಸಿನಲ್ಲಿ ಹೋಗಿ ಬಟ್ಟೆಯನ್ನು ಅವರ ಕೈಗೇ ಕೊಟ್ಟು, ಎಡ ಬೇರೆ ಬಲ ಬೇರೆ ಎಂದು ಹೇಳಿ ಬಂದೆ. ಅವರು ಚೌಕಟ್ಟಿನಿಂದ ತಲೆಯೆತ್ತದೆ "ಆಯ್ತಕ್ಕ" ಎಂದಿದ್ದರು.

ಬಟ್ಟೆ ವಾಪಸ್ ಬಂದಾಗ ಮದುವೆಗೆ ವಾರವೂ ಉಳಿದಿರಲಿಲ್ಲ. ಬಿಡಿಸಿ ನೋಡಿದೆ. ಬಂಗಾರದ ಬಳ್ಳಿ, ಅದರ ಮೇಲೆ ಸಣ್ಣ ಸಣ್ಣ ಮೊಗ್ಗು. ಅಷ್ಟು ಚೆಂದದ ಕೆಲಸ. ಸರಿಯಾಗಿ ಕೂತ ಕೋರಾ ಬ್ಲೌಸನ್ನು ಬಿಚ್ಚಿ ಅದರ ಮೇಲೆ ಹಾಸಿದೆ. ಬಲಗಡೆ ಗೆರೆಯ ಮೇಲೆ ಗೆರೆ ಕೂತಿತು. ಎಡಗಡೆ ಒಂದು ಬೆರಳಿನಷ್ಟು ತಪ್ಪಿತ್ತು.

ಫೋನ್ ಮಾಡಿದೆ. "ಎಡಗಡೆ ನಿಮ್ಮ ಚಾಕ್ ಜಾರಿದೆ ಅಂದ್ಕೊಂಡೆ ಅಕ್ಕ," ಎಂದರು ಕಸೂತಿಯವರು. "ನಾನೇ ಬಲಗಡೆ ಗುರುತನ್ನ ಪೇಪರ್‌ಗೆ ಇಳಿಸಿ, ಮಗುಚಿ ಎಡಕ್ಕೆ ಹಾಕಿ ಸರಿ ಮಾಡ್ದೆ."

ನನಗೆ ಬೈಯಲೂ ಆಗಲಿಲ್ಲ. ನೂರಾರು ಬ್ಲೌಸುಗಳಿಗೆ ಸರಿಯಾದದ್ದನ್ನೇ ಅವರು ಇದಕ್ಕೂ ಮಾಡಿದ್ದರು.

ಅಂಚಿನ ಒಂದು ಮೊಗ್ಗನ್ನು ಬಿಚ್ಚಿ ನೋಡಿದೆ. ಜರಿ ಬಂತು, ಸೂಜಿಯ ತೂತು ಉಳಿಯಿತು. ಹಬೆ ಹಿಡಿದೆ, ಉಗುರಿನಿಂದ ತೀಡಿದೆ. ಹಾಲುಬಣ್ಣದ ಮೇಲೆ ತೂತುಗಳು ಹಾಗೇ ಇದ್ದವು. ಬೆನ್ನಿಗೆ, ತೋಳಿಗೆ ಕಸೂತಿ ಕಡಿಮೆ, ಅಲ್ಲಿ ಹೇಗಾದರೂ ಹೊಂದಿಸಬಹುದಿತ್ತು. ಕೈಕೊಟ್ಟಿದ್ದು ಮುಂಭಾಗ. ಮಾರನೆಯ ದಿನ ತುಣುಕು ಹಿಡಿದು ಮೈಸೂರಿಗೆ ಹೋದೆ. ಅಂಗಡಿಯ ದೀಪದಲ್ಲಿ ಒಂದೇ ಎನ್ನಿಸಿದ ಬಟ್ಟೆ ಬೀದಿಗೆ ತಂದ ಕೂಡಲೇ ಹಳದಿ ಹೊಡೆಯಿತು. ಬರಿಗೈಯಲ್ಲಿ ವಾಪಸ್ ಬಂದು ತಾಯಿ ಮಗಳನ್ನು ಕರೆಸಿ ನಡೆದದ್ದನ್ನು ಹೇಳಿದೆ.

"ದೇವ್ರೇ ದಾರಿ ತೋರ್ಸವ್ನೆ ಕಣಕ್ಕ," ಎಂದರು ತಾಯಿ. ಅವರ ದನಿಯಲ್ಲಿ ದುಃಖಕ್ಕಿಂತ ಸಮಾಧಾನವೇ ಹೆಚ್ಚಿತ್ತು. "ಪ್ಯಾಡ್ ಹಾಕ್ಬುಡಿ. ಎಡಗಡೆ ಸೆರಗು ಬತ್ತದೆ, ಮುಚ್ಚೋಯ್ತದೆ. ಯಾರಿಗ್ ಕಾಣ್ತದೆ?"

ಸುಳ್ಳಲ್ಲ, ನನಗೂ ಒಂದು ಕ್ಷಣ ಹಾಗೇ ಮಾಡಿಬಿಡೋಣ ಎನ್ನಿಸಿತು. ಗೋಡೆಯ ತುಂಬ ಬೇರೆ ಮದುವೆ ಹೆಣ್ಣುಗಳ ಬ್ಲೌಸುಗಳು ನೇತಾಡುತ್ತಿದ್ದವು. ಪ್ಯಾಡ್ ಇಟ್ಟು ಭುಜ ಸಮ ಮಾಡಿದರೆ ಈ ಕಸೂತಿಯೇ ಕೂರುತ್ತದೆ, ಒಂದೇ ಮಧ್ಯಾಹ್ನದ ಕೆಲಸ. ಆದರೆ ಸೆರಗಿನ ಭಾರ, ಅದರ ಮೇಲೆ ಹಾರದ ಭಾರ, ಎಲ್ಲವೂ ಬೀಳುವುದು ಆ ಎಡಭುಜದ ಮೇಲೇ. ಮಂಟಪದಲ್ಲಿ ಕೂತಷ್ಟು ಹೊತ್ತೂ ಹುಡುಗಿ ಕತ್ತು ಎಳೆದುಕೊಳ್ಳುತ್ತಲೇ ಇರಬೇಕು. ಅವಳು ಕಸೂತಿಯ ಬಳ್ಳಿಯ ಮೇಲೆ ಬೆರಳಾಡಿಸುತ್ತಿದ್ದಳು.

"ಇನ್ನೊಂದು ದಾರಿ ಇದೆ," ಎಂದೆ. "ಇದೇ ಬಣ್ಣದ ಬಟ್ಟೆ ಇರೋದು ಒಂದೇ ಕಡೆ. ಸೀರೇಲಿ."

ಸೀರೆ ಉಡುವಾಗ ಮೊದಲು ಸೊಂಟಕ್ಕೆ ಸಿಕ್ಕಿಸುವ ಒಳತುದಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹುಡುಗಿ ಸಣಕಲಿ. ಅಲ್ಲಿಂದ ಮುಂಭಾಗಕ್ಕೆ ಆಗುವಷ್ಟು ತೆಗೆದರೆ ನೆರಿಗೆಯಲ್ಲಿ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ. ಸೀರೆ ಹಾಸಿ ಅಳತೆ ಹಿಡಿದು ತೋರಿಸಿದೆ.

ತಾಯಿ ದಡಕ್ಕನೆ ಎದ್ದರು. "ಧಾರೆ ಸೀರೆಗೆ ಕತ್ರಿನಾ? ಅವ್ರು ಕೊಟ್ಟಿರೋ ಸೀರೆ ಕಣಕ್ಕ! ಹುಡ್ಗಿ ಕಾಲಿಡಕ್ ಮುಂಚೆ ಕತ್ರಿಸ್ದ್ರು ಅಂದ್ರೆ ಏನಂದ್ಕೊಂಡಾರು?"

ಅವರ ಮಾತಿನಲ್ಲೂ ನ್ಯಾಯವಿತ್ತು. ರವಿಕೆ ಬಟ್ಟೆ ಕತ್ತರಿಸುವುದಕ್ಕೆಂದೇ ನೇಯ್ದದ್ದು. ಸೀರೆಯ ಮೈಗೆ ಕತ್ತರಿ ಹಾಕುವುದು ಬೇರೆಯೇ. "ಅವರನ್ನ ಕೇಳ್ದೆ ನಾನು ಮುಟ್ಟಲ್ಲ," ಎಂದೆ. "ಆದ್ರೆ ಕೇಳಿ ನೋಡೋಣ."

ಹುಡುಗಿ ಫೋನ್ ತೆಗೆದು ಹುಡುಗನ ತಾಯಿಗೆ ಹಚ್ಚಿದಳು. ತಾಯಿ ಕೈ ಹಿಡಿಯುವಷ್ಟರಲ್ಲಿ ಆ ಕಡೆಯಿಂದ "ಯೋಳವ್ವ" ಎಂಬ ದನಿ ಬಂದಿತ್ತು. ಸ್ಪೀಕರ್ ಹಾಕಿ ಫೋನನ್ನು ಕಟಿಂಗ್ ಮೇಜಿನ ಮೇಲಿಟ್ಟಳು.

"ಅತ್ತೆ, ಸೀರೆ ಒಳತುದೀಲಿ ಒಂಚೂರು ಬಟ್ಟೆ ತೆಗೀಬೇಕು. ರವಿಕೆಗೆ."

"ಯಾಕವ್ವ, ಬಟ್ಟೆ ಸಾಲ್ದಾ?"

"ಸಾಲ್ತಿತ್ತು. ಕಸೂತಿ ತಪ್ಪಾಯ್ತು. ನನ್ನ ಎಡಭುಜ ಬಲಕ್ಕಿಂತ ಇಳೀತದೆ ಅತ್ತೆ. ಬೆನ್ಮೂಳೆ ಓರೆ ಅದೆ. ಎರಡು ಕಡೆಗೂ ಬೇರೆ ಬೇರೆ ಅಳತೆ ಬೇಕು."

ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

"ಡಾಕ್ಟ್ರಿಗೆ ತೋರ್ಸಿದ್ದೀಯಾ?"

"ಹೂಂ. ಏನೂ ತೊಂದ್ರೆ ಇಲ್ಲ ಅಂದವ್ರೆ."

"ನಮ್ಮುಡ್ಗಂಗೆ ಗೊತ್ತಾ?"

"ಮೊದ್ಲೇ ಹೇಳಿವ್ನಿ."

"ಸೀರೆ ಮುಟ್ಬೇಡಿ. ನಾಳಿಕೆ ನಾನೇ ಬತ್ತೀನಿ," ಎಂದು ಫೋನ್ ಇಟ್ಟರು.

ತಾಯಿ ಅಲ್ಲೇ ಕುಸಿದು ಕೂತರು. "ಮದ್ವೆ ಮುರ್ದೋಯ್ತು," ಎಂದರು. ಮಗಳು ಹತ್ತಿರ ಹೋಗಿ ಕೂತು ಅವರ ಕೈ ಹಿಡಿದುಕೊಂಡಳು. "ಮುರ್ಯೋದಾದ್ರೆ ಈಗ್ಲೇ ಮುರೀಲಿ ಅಮ್ಮ," ಎಂದಳು. ನಾನು ಟೀ ತರಿಸಿದೆ. ಯಾರೂ ಕುಡಿಯಲಿಲ್ಲ.

ಆ ದಿನ ಬೇರೆ ಯಾವ ಬಟ್ಟೆಗೂ ಕತ್ತರಿ ಹಾಕಲು ನನಗೆ ಧೈರ್ಯ ಬರಲಿಲ್ಲ. ಹುಕ್ಕು ಹಾಕುವ ಕೆಲಸವನ್ನಷ್ಟೇ ಮಾಡಿದೆ. ನನ್ನ ಒಂದು ಸಲಹೆಯಿಂದ ಒಂದು ಮದುವೆ ನಿಂತರೆ ಏನು ಗತಿ ಎಂದುಕೊಳ್ಳುತ್ತಿದ್ದೆ. ಆದರೂ ಯೋಚಿಸಿದಷ್ಟೂ ಪ್ಯಾಡ್ ಹಾಕಿ ಕಳಿಸುವುದು ಸರಿ ಎನ್ನಿಸಲಿಲ್ಲ.

ಹುಡುಗನ ತಾಯಿ ಎಚ್.ಡಿ. ಕೋಟೆ ಬಸ್ಸಿಳಿದು ಒಬ್ಬರೇ ಬಂದರು. ಎತ್ತರದ ಆಳು, ಮಾತು ಕಡಿಮೆ. ನೀರು ಕೊಟ್ಟರೆ ಕುಡಿದು, "ಎಲ್ಲಿ, ತೊಟ್ಕೊಂಡು ತೋರ್ಸು," ಎಂದರು. ನಾನು ಮತ್ತೆ ಕೂಡಿಸಿ ಹೊಲಿದಿಟ್ಟಿದ್ದ ಕೋರಾ ಬ್ಲೌಸನ್ನು ಹುಡುಗಿ ತೊಟ್ಟು, ಮೇಲೆ ಸೀರೆ ಸುತ್ತಿಕೊಂಡು ಬಂದು ನಿಂತಳು. ಆ ಹೆಂಗಸು ಸುತ್ತಲೂ ನಡೆದು ನೋಡಿದರು. ಬೆನ್ನ ಮೇಲೆ ಉಬ್ಬಿದ ಕಡೆ ಅಂಗೈ ಇಟ್ಟರು.

"ನೋವಾಯ್ತದಾ?"

"ಇಲ್ಲ ಅತ್ತೆ. ತುಂಬಾ ಹೊತ್ತು ನಿಂತ್ರೆ ಒಂಚೂರು."

"ನಮ್ಮನೇಲಿ ನಿಂತು ಮಾಡೋ ಕೆಲ್ಸ ಬೇಕಾದಷ್ಟಿದೆ. ನೋವಾದ್ರೆ ಕೂತ್ಕೊ. ಬಾಯ್ಬಿಟ್ಟು ಹೇಳು, ಅಷ್ಟೇಯ." ಆಮೇಲೆ ತಾಯಿಯ ಕಡೆ ತಿರುಗಿದರು. "ನಂಗೆ ಬೇಜಾರಾಗಿದ್ದು ಭುಜಕ್ಕಲ್ಲ ಕಣಕ್ಕ. ಮನೆಗ್ ಬಂದು ಊಟ ಮಾಡಿ ಹೋದೋರು ನೀವು. ಒಂದ್ ಮಾತು ಹೇಳ್ಳಿಲ್ವಲ್ಲ."

"ಎದ್ರಿಕೆ ಆಯ್ತು," ಎಂದಷ್ಟೇ ಹೇಳಿ ತಾಯಿ ಅತ್ತರು. ಹುಡುಗನ ತಾಯಿ ಪಕ್ಕದಲ್ಲಿ ಹೋಗಿ ಕೂತು, ಅಳು ನಿಲ್ಲುವವರೆಗೂ ಕಾದರು. ಆಮೇಲೆ ನನ್ನನ್ನು ನೋಡಿ, "ಎಷ್ಟು ಬೇಕು ನಿಮ್ಗೆ?" ಎಂದರು.

ಗುರುತು ತೋರಿಸಿದೆ.

"ಕತ್ರಿಸಿ. ನನ್ನ ಕಣ್ಮುಂದೇನೇ ಕತ್ರಿಸಿ. ನಾಳೆ ನೆಂಟ್ರು ಯಾರಾದ್ರೂ ಬಾಯ್ಬಿಟ್ರೆ, ನಾನೇ ನಿಂತು ಕತ್ರಿಸ್ದೆ ಅಂತ ಹೇಳ್ಬೇಕಲ್ಲ."

ಕತ್ತರಿಗೆ ಕುಂಕುಮ ಇಟ್ಟು ಸೀರೆಯ ಅಂಚಿಗೆ ಹಿಡಿದೆ. ಒಂದೇ ಓಟಕ್ಕೆ ಕತ್ತರಿಸಿ ತೆಗೆದೆ.

ವಿಷಯ ತಿಳಿಸಲು ಫೋನ್ ಮಾಡಿದ್ದಷ್ಟೇ, ಕಸೂತಿಯವರು ಚೌಕಟ್ಟು, ಸೂಜಿ ಎಲ್ಲ ಹೊತ್ತುಕೊಂಡು ಪಿರಿಯಾಪಟ್ಟಣದಿಂದ ನನ್ನ ಅಂಗಡಿಗೇ ಬಂದರು. ನಾನು ಕರೆದಿರಲಿಲ್ಲ. "ನಿಮ್ಮ ಕಣ್ಣೆದ್ರಿಗೇ ಮಾಡ್ತೀನಿ ಅಕ್ಕ," ಎಂದು ಮೂಲೆಯಲ್ಲಿ ಕೂತರು. ಈ ಸಲ ಪೇಪರ್ ಮಗುಚುವ ಮಾತೇ ಇಲ್ಲ. ಹುಡುಗಿಗೆ ಲೈನಿಂಗ್ ತೊಡಿಸಿ, ಅವಳ ಮೈ ಮೇಲೇ ಚಾಕಿನಿಂದ ಕತ್ತಿನ ಗೆರೆ ಎಳೆದೆ. ಕೈ ಇಳಿಬಿಟ್ಟಾಗ ಒಮ್ಮೆ, ಎತ್ತಿದಾಗ ಒಮ್ಮೆ. ಎರಡು ಗೆರೆಯೂ ಒಂದಾಗುವವರೆಗೂ ಅಳಿಸಿ ಬರೆದೆ. ಆ ಗೆರೆಯನ್ನು ರೇಷ್ಮೆಗೆ ಇಳಿಸಿ ಚೌಕಟ್ಟಿಗೆ ಕೊಟ್ಟೆ. ಎಡಗಡೆ ಜಾಗ ಕಿರಿದಾಗಿದ್ದರಿಂದ ಬಳ್ಳಿಯಲ್ಲಿ ಒಂದು ಮೊಗ್ಗು ಕಡಿಮೆ ಬಂತು. "ಮೊಗ್ಗು ಒತ್ತೊತ್ತಾಗಿ ತುಂಬ್ಲಾ?" ಎಂದು ಅವರು ಕೇಳಿದರು. ಬೇಡ, ಬಳ್ಳಿ ಉಸಿರಾಡಲಿ ಎಂದೆ.

ಅವರು ಮುಗಿಸಿ ಕೊಟ್ಟ ಮೇಲೆ ಹೊಲಿಗೆ. ಭುಜದ ಹೊಲಿಗೆ ಹಾಯುವ ಕಡೆ ಮಣಿಗಳನ್ನು ಇಕ್ಕಳದಿಂದ ಒಡೆದು ತೆಗೆದೆ, ಇಲ್ಲದಿದ್ದರೆ ಮಿಷನ್ನಿನ ಸೂಜಿ ಮುರಿಯುತ್ತದೆ. ಮೊದಲು ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡಿದೆ, ಆಮೇಲೆ ಗಟ್ಟಿ ಹೊಲಿಗೆ. ಕತ್ತಿನ ಸುತ್ತ ತೆಳ್ಳನೆಯ ಕ್ಯಾನ್ವಾಸ್ ಕೊಟ್ಟು ಒಳಗಿನಿಂದ ಕೈಹೊಲಿಗೆಯಲ್ಲೇ ಕೂರಿಸಿದೆ. ಎಡಭುಜದ ಒಳಗೆ ಪ್ಯಾಡಿನ ಬದಲು ಸಣ್ಣದೊಂದು ಪಟ್ಟಿ ಇಟ್ಟೆ, ಸೆರಗಿನ ಪಿನ್ನು ರೇಷ್ಮೆಗೆ ಚುಚ್ಚದೆ ಅದಕ್ಕೆ ಸಿಕ್ಕಲಿ ಎಂದು.

ಕೊನೆಯ ಸಲ ತೊಟ್ಟು ನೋಡಿದ ದಿನ ಹುಡುಗಿ ಕನ್ನಡಿಯ ಮುಂದೆ ತುಂಬಾ ಹೊತ್ತು ನಿಂತಳು. ಕತ್ತಿನ ಗೆರೆ ಎರಡು ಭುಜದ ನಡುವೆ ತಿಳಿಯಾಗಿ ಹಾದಿತ್ತು. ಒಂದು ಭುಜ ಮೇಲೆ, ಒಂದು ಕೆಳಗೆ. ಆದರೆ ಸುಕ್ಕಿಲ್ಲ, ಎಳೆತವಿಲ್ಲ. ಕೈ ಎತ್ತಿದಳು, ಬಗ್ಗಿದಳು, ಒಮ್ಮೆ ಗಟ್ಟಿಯಾಗಿ ನಕ್ಕಳು ಕೂಡ. "ಎಲ್ಲೂ ಹಿಡ್ಕೊಳಲ್ಲ ಅಕ್ಕ," ಎಂದಳು. ತಾಯಿ ಹಿಂದೆ ನಿಂತು ಡೋರಿ ಬಿಗಿದರು, ಬಿಚ್ಚಿ ಮತ್ತೆ ಬಿಗಿದರು.

ಸೆರಗು ನಿಲ್ಲಿಸಿ ಕೊಡಲು ಮದುವೆಗೆ ನೀವೇ ಬರಬೇಕು ಎಂದು ಕರೆದಿದ್ದರು. ಬೆಳಗಿನ ಮೊದಲ ಬಸ್ಸಿಗೇ ಎಚ್.ಡಿ. ಕೋಟೆಯ ಛತ್ರಕ್ಕೆ ಹೋದೆ. ನೆರಿಗೆ ಹಿಡಿದು, ಸೆರಗು ಪಟ್ಟಿಗೆ ಸಿಕ್ಕಿಸಿ ಅವಳನ್ನು ಮಂಟಪಕ್ಕೆ ಬಿಟ್ಟು, ಕಂಬದ ಪಕ್ಕದಲ್ಲಿ ನಿಂತೆ. ಧಾರೆ ಮುಗಿಯಿತು. ಅಕ್ಕಿಕಾಳು ಬಿದ್ದವು. ನೆಂಟರು ಸಾಲಾಗಿ ಮಂಟಪ ಹತ್ತುವ ಮೊದಲು ಫೋಟೋದವನು ಹೆಣ್ಣು ಗಂಡನ್ನು ನಿಲ್ಲಿಸಿದ. ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿ, ತಲೆ ಎತ್ತಿ, ಮತ್ತೆ ನೋಡಿದ.

"ಮೇಡಂ, ಎಡಭುಜ ಒಂಚೂರು ಮೇಲಕ್ಕೆ ಎತ್ತಿ," ಎಂದ.

ಹುಡುಗಿ ಕದಲಲಿಲ್ಲ. ಅವನು ಇನ್ನೊಂದು ಸಲ ಕೈಸನ್ನೆ ಮಾಡಿದ. ಮಂಟಪದ ಕೆಳಗೆ ತಾಂಬೂಲದ ತಟ್ಟೆ ಹಿಡಿದು ನಿಂತಿದ್ದ ತಾಯಿ ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟು ಎರಡು ಮೆಟ್ಟಿಲು ಹತ್ತಿದರು.

"ನನ್ ಮಗ್ಳು ನಿಲ್ಲೋದೇ ಅಂಗೆ ಕಣಪ್ಪ," ಎಂದರು. ಛತ್ರದ ಗದ್ದಲದಲ್ಲೂ ನನಗೆ ಕೇಳಿಸುವಷ್ಟು ಗಟ್ಟಿಯಾಗಿ. "ನೀನು ತೆಗಿ."

ಅವನು ತೆಗೆದ.